ಸೋಗೆ ಹಳದಿಯಾದರೆ ಬುಡ ನೋಡಿ

ಮಳೆಗಾಲದಲ್ಲಿ ಶಿರಸಿ ಸುತ್ತಲಿನ ಅಡಿಕೆ ತೋಟಗಳಿಂದ ನನಗೆ ಬರುವ ಫೋನ್‌ಗಳಲ್ಲಿ ಒಂದು ಪ್ರಶ್ನೆ ಜಾಸ್ತಿ: "ಸೋಗೆ (ಅಡಿಕೆಯ ಎಲೆ) ಹಳದಿ ಆಗಿದೆ, ಯಾವ ಮದ್ದು ಹೊಡೆಯೋದು?" ನಾನು ತಿರುಗಿ ಕೇಳುವುದು ಬೇರೆಯದೇ. ಬುಡದಲ್ಲಿ ನೀರು ನಿಂತಿದೆಯಾ? ನೀರು ಬಸಿದು ಹೋಗುವ ಬಸಿಗಾಲುವೆ ಎಷ್ಟು ಆಳ ಇದೆ? ಕಾಂಡದ ಬುಡದಿಂದ ಕಂದು ರಸ ಸೋರುತ್ತಿದೆಯಾ? ಕೆಲವರಿಗೆ ಬೇಸರವಾಗುತ್ತದೆ. ಆದರೆ ಅಡಿಕೆ ಮರದಲ್ಲಿ ರೋಗ ಕಾಣುವ ಜಾಗ ಒಂದು, ಇರುವ ಜಾಗ ಇನ್ನೊಂದು. ಅದು ಏಕೆ ಹಾಗೆ ಎಂದು ತಿಳಿಯಲು ಮರದ ಒಳಗನ್ನು ಸ್ವಲ್ಪ ನೋಡಬೇಕು.

ಬಿದ್ದ ಅಡಿಕೆ ಮರವನ್ನು ಅಡ್ಡ ಕೊಯ್ದು ನೋಡಿ. ತೇಗದಲ್ಲಿ ಇರುವಂಥ ಉಂಗುರಗಳು ಇಲ್ಲಿಲ್ಲ. ನಾರಿನ ಚುಕ್ಕೆಗಳು ಹರಡಿಕೊಂಡಿರುತ್ತವೆ, ಹೊರಗಡೆ ಒತ್ತಾಗಿ, ನಡುವೆ ವಿರಳವಾಗಿ. ಒಂದೊಂದು ಚುಕ್ಕೆಯೂ ಒಂದೊಂದು ಕೊಳವೆಯ ಕಟ್ಟು. ಅದರಲ್ಲಿ ಎರಡು ಅಂಗಾಂಶಗಳಿವೆ. ಒಂದು ಬೇರಿನಿಂದ ನೀರನ್ನು ಮೇಲಕ್ಕೆ ಒಯ್ಯುತ್ತದೆ. ಅದರ ಕೊಳವೆಯ ಜೀವಕೋಶಗಳು ಬೆಳೆದು ಮುಗಿದ ಮೇಲೆ ಸಾಯುತ್ತವೆ. ಒಳಗಿನದೆಲ್ಲ ಖಾಲಿಯಾಗಿ ಗೋಡೆ ಮಾತ್ರ ಉಳಿಯುತ್ತದೆ, ಆಗಲೇ ನೀರಿಗೆ ದಾರಿ. ಇನ್ನೊಂದು ಅಂಗಾಂಶ ಸೋಗೆಯಲ್ಲಿ ತಯಾರಾದ ಸಕ್ಕರೆಯನ್ನು ಅಡಿಕೆ ಕೊನೆಗೆ (ಗೊನೆಗೆ), ಬೇರಿಗೆ ಮುಟ್ಟಿಸುತ್ತದೆ. ಅದರ ಕೊಳವೆಯ ಜೀವಕೋಶಗಳು ಬದುಕಿರುತ್ತವೆ, ಆದರೆ ಅವಕ್ಕೆ ಸ್ವಂತ ಕೋಶಕೇಂದ್ರ ಇರುವುದಿಲ್ಲ. ಪಕ್ಕದಲ್ಲೇ ಅಂಟಿಕೊಂಡಿರುವ ಪುಟ್ಟ ಜೀವಕೋಶಗಳು ಅವನ್ನು ಬದುಕಿಸಿ ಇಟ್ಟುಕೊಳ್ಳುತ್ತವೆ. ಸಸ್ಯಗಳ ಬಗ್ಗೆ ನಾನು ಕಲಿತದ್ದರಲ್ಲಿ ಇದರಷ್ಟು ನನ್ನನ್ನು ಬೆರಗುಗೊಳಿಸಿದ್ದು ಕಡಿಮೆ.

ಮಾವು, ಹಲಸಿನಲ್ಲಿ ತೊಗಟೆಯ ಒಳಗೆ ಒಂದು ತೆಳು ಪದರ ಇರುತ್ತದೆ. ಅದು ಹೊಸ ಹೊಸ ಕೊಳವೆಗಳನ್ನು ಹುಟ್ಟಿಸುತ್ತಲೇ ಇರುತ್ತದೆ. ಅಲ್ಲಿ ಗಾಯ ಮುಚ್ಚುತ್ತದೆ, ಕಾಂಡ ದಪ್ಪವಾಗುತ್ತದೆ. ಅಡಿಕೆಗೆ ಆ ಪದರ ಇಲ್ಲ. ಎಳೆಯದಾಗಿದ್ದಾಗ ಬುಡದಲ್ಲಿ ಆದ ಕೊಳವೆಗಳೇ ಮರ ಸಾಯುವ ತನಕ ದುಡಿಯಬೇಕು. ಐವತ್ತು ವರ್ಷದ ಮರದ ಬುಡದಲ್ಲಿ ಸಕ್ಕರೆ ಸಾಗಿಸುತ್ತಿರುವ ಜೀವಕೋಶಗಳ ವಯಸ್ಸೂ ಹೆಚ್ಚುಕಡಿಮೆ ಅಷ್ಟೇ! ಅದಕ್ಕೇ ನಾನು ಸ್ಪ್ರಿಂಕ್ಲರ್ ಪೈಪ್ ಕಟ್ಟಲು ಮರಕ್ಕೆ ಮೊಳೆ ಹೊಡೆಯಬೇಡಿ ಎಂದು ಬೇಡಿಕೊಳ್ಳುವುದು. ಹಗ್ಗ ಸಾಕು. ನೈರುತ್ಯದ ಬಿಸಿಲಿಗೆ ಕಾಂಡ ಸುಟ್ಟು ಸೀಳಿದರೂ ಅಷ್ಟೇ, ಆ ಸೀಳು ಮತ್ತೆ ಕೂಡುವುದಿಲ್ಲ. ತೋಟದ ಆ ಅಂಚಿನ ಮರಗಳಿಗೆ ಹಿರಿಯರು ಸೋಗೆ ಕಟ್ಟುತ್ತಿದ್ದದ್ದು ಸುಮ್ನೆ ಅಲ್ಲ. (ಕಾಳುಮೆಣಸಿನ ಬಳ್ಳಿಗೆ ಹೆದರಬೇಡಿ. ಅದರ ಬೇರು ಕಾಂಡವನ್ನು ಹಿಡಿದುಕೊಳ್ಳುತ್ತದೆ, ಒಳಗಿಂದ ಏನನ್ನೂ ಹೀರುವುದಿಲ್ಲ.)

ಇನ್ನು ಬೇರು. ಹೀರುವ ಬೇರುಗಳಲ್ಲಿ ಹೆಚ್ಚಿನವು ಬುಡದ ಸುತ್ತ ಎರಡು-ಮೂರು ಅಡಿಯೊಳಗೆ, ಮೇಲುಮಣ್ಣಿನಲ್ಲೇ ಇರುತ್ತವೆ. ಬೇರಿನ ಜೀವಕೋಶಗಳೂ ಉಸಿರಾಡಬೇಕು. ಮಣ್ಣಿನ ಸಂದಿಗಳಲ್ಲಿ ಗಾಳಿಯ ಬದಲು ನೀರೇ ತುಂಬಿದರೆ ಅವು ಸೋಲುತ್ತವೆ, ಗೊಬ್ಬರದ ಸಾರ ಹೀರುವುದನ್ನು ನಿಲ್ಲಿಸುತ್ತವೆ, ಕೊನೆಗೆ ನೀರನ್ನೂ ಹೀರಲಾರವು. ನೀರಲ್ಲೇ ನಿಂತ ಮರ ಬಾಯಾರುವುದು ಹೀಗೆ. ಮೇಲೆ ಸೋಗೆ ಬಿಳಿಚಿಕೊಳ್ಳುತ್ತದೆ. ಆಗ ಸೋಗೆಗೆ ಏನು ಹೊಡೆದರೂ ದುಡ್ಡು ದಂಡ. ಹಾರೆ ತಗೊಂಡು ಬುಡದ ಪಕ್ಕ ಬಿಡಿಸಿ. ಎಳೆ ಬೇರಿನ ತುದಿ ಬೆಳ್ಳಗೆ, ಗಟ್ಟಿಯಾಗಿದ್ದರೆ ಬೇರು ಚೆನ್ನಾಗಿದೆ. ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದರೆ ಮೊದಲು ಬಸಿಗಾಲುವೆ ಆಳ ಮಾಡಿ. ಮಣ್ಣು ಗಟ್ಟಿಯಾಗಿ ನೀರು ನಿಲ್ಲುವ ತೋಟದಲ್ಲಿ ಹಿಡಿಮುಂಡಿಗೆ ರೋಗ ಬರುವುದೂ ಹೀಗೆಯೇ. ಸೋಗೆ ಗಿಡ್ಡವಾಗಿ ಮುದುಡುವುದು ಮೇಲೆ, ತೊಂದರೆ ಕೆಳಗೆ.

ಅಣಬೆ ರೋಗದ ಕತೆ ಇನ್ನೂ ಕಷ್ಟದ್ದು. ಶಿಲೀಂಧ್ರ ಬೇರಿನಿಂದ ಕಾಂಡದ ಬುಡಕ್ಕೆ ಏರಿ ಒಳಗಿಂದ ಕೊಳೆಸುತ್ತದೆ. ನೀರಿನ ದಾರಿ ಕಟ್ಟಿ ಹೋದ ಮೇಲೆ ಕೆಳಗಿನ ಸೋಗೆಗಳು ಹಳದಿಯಾಗಿ ಜೋತು ಬೀಳುತ್ತವೆ. ಬುಡದಲ್ಲಿ ಅಣಬೆ ಎದ್ದು ಕಾಣುವ ಹೊತ್ತಿಗೆ ಒಳಗೆ ಉಳಿದದ್ದು ಸ್ವಲ್ಪವೇ. ಅಂಥ ಮರವನ್ನು ಬೇರು ಸಮೇತ ತೆಗೆಯಿರಿ. ಸುತ್ತ ಎರಡು ಅಡಿ ಆಳದ ಕಂದಕ ತೋಡಿ ಪಕ್ಕದ ಮರಗಳನ್ನು ಉಳಿಸಿಕೊಳ್ಳಿ. ಶೃಂಗೇರಿ, ಕೊಪ್ಪ, ಸುಳ್ಯದ ಕಡೆ ಕಾಡುವ ಹಳದಿ ಎಲೆ ರೋಗ ಬೇರೆ. ಅದರ ರೋಗಾಣು ಕುಳಿತಿರುವುದೇ ಸಕ್ಕರೆಯ ಕೊಳವೆಯೊಳಗೆ. ಹೊರಗಿಂದ ಸಿಂಪಡಿಸಿದ ಮದ್ದು ಅಲ್ಲಿಗೆ ಮುಟ್ಟುವುದಿಲ್ಲ.

"ಸೋಗೆ ತಾನೆ, ಹೋದರೆ ಹೋಗಲಿ" ಎನ್ನುವವರೂ ಇದ್ದಾರೆ. ಹಾಗಲ್ಲ. ಹಿಂಗಾರ (ಅಡಿಕೆಯ ಹೂಗೊಂಚಲು) ಬರುವುದು ಸೋಗೆಯ ಕಂಕುಳಲ್ಲಿ, ಒಂದು ಸೋಗೆಗೆ ಒಂದು. ಸೋಗೆಯ ಬುಡದ ಹಾಳೆ ಕಳಚಿ ಬಿದ್ದ ಮೇಲೆ ಹಿಂಗಾರ ಬಿರಿಯುತ್ತದೆ. ಆ ಕಾಯಿ ಬಲಿಯಲು ಸುಮಾರು ಎಂಟು ತಿಂಗಳು ಬೇಕು, ಅಷ್ಟು ದಿನವೂ ಮೇಲಿನ ಸೋಗೆಗಳೇ ಅದಕ್ಕೆ ಉಣಿಸಬೇಕು. ಎಲೆಚುಕ್ಕಿ ರೋಗಕ್ಕೆ ಸೋಗೆಗಳು ಒಣಗಿದ ತೋಟದಲ್ಲಿ ಕಾಯಿ ಸಣ್ಣದಾಗುವುದು, ಮುಂದಿನ ಫಸಲೂ ಸೊರಗುವುದು ಇದರಿಂದಲೇ.

ಮರಕ್ಕೆ ಇರುವುದು ಒಂದೇ ಸುಳಿ, ಅಂದರೆ ತುದಿಯ ಮೊಗ್ಗು. ಹೊಸ ಸೋಗೆ, ಹೊಸ ಹಿಂಗಾರ, ಕಾಂಡದ ಹೊಸ ಗೆಣ್ಣು ಎಲ್ಲವೂ ಅಲ್ಲಿನ ಒಂದಿಷ್ಟು ಎಳೆ ಜೀವಕೋಶಗಳಿಂದಲೇ ಹುಟ್ಟಬೇಕು. ಮಳೆಗಾಲದಲ್ಲಿ ಕಾಯಿ ಕೊಳೆಸುವ ಕೊಳೆ ರೋಗ ಆ ಸುಳಿಗೂ ಹಬ್ಬಬಲ್ಲದು. ಮೈಸೂರು ಸಂಸ್ಥಾನದಲ್ಲಿ ಈ ರೋಗವನ್ನು ಅಭ್ಯಾಸ ಮಾಡಿದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲೇ ಅದರ ಬಗ್ಗೆ ಬರೆದಿದ್ದಾರೆ. ಅಂದಿನಿಂದಲೂ ನಮ್ಮ ಮುಖ್ಯ ಆಸರೆ ಬೋರ್ಡೋ ದ್ರಾವಣ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಅದು ಕಾಯಿಯ ಮೇಲೆ ಕುಳಿತು ರೋಗಾಣು ಒಳಗೆ ಹೋಗದಂತೆ ತಡೆಯುತ್ತದೆ. ಆಗಲೇ ಒಳಗೆ ಹೋದದ್ದನ್ನು ವಾಸಿ ಮಾಡುವುದಿಲ್ಲ. ಆದ್ದರಿಂದ ಮಳೆ ಜೋರಾಗುವ ಮೊದಲೇ ಒಂದು ಸಲ ಹೊಡೆಯಬೇಕು, 40-45 ದಿನಕ್ಕೆ ಮತ್ತೊಮ್ಮೆ. ಮಳೆ ಮುಗಿದ ಮೇಲೆ ಕೊಳೆತ ಕೊನೆಗಳನ್ನು ಮರದಲ್ಲೇ ಬಿಡಬೇಡಿ. ಅಲ್ಲಿಂದ ರೋಗ ಸುಳಿಗೆ ಹಬ್ಬಿದರೆ ಮರ ಉಳಿಯುವುದು ಕಷ್ಟ. ಕೊನೆ ಕೊಯ್ಯುವ ಕೊನೆಗಾರರು ಹೇಗೂ ಮರ ಹತ್ತುತ್ತಾರೆ ಅಲ್ವಾ? ಅದೇ ಸಲಕ್ಕೆ ಇಳಿಸಿ ಸುಡಲು ಹೇಳಿ.