ಅನಾಥಾಶ್ರಮದ ಮಗುವಿಗೆ ಎರಡು ವಾರದ ಅಕ್ಕ ಬೇಕೆ?

ಹೊರದೇಶದ ಅನಾಥಾಶ್ರಮ ಶಾಲೆಯೊಂದರಲ್ಲಿ ಕೆಲವು ವಾರ ಸ್ವಯಂಸೇವೆ ಮಾಡಬೇಕೆಂದಿದ್ದೇನೆ, ಹೇಗೆ ಸಿದ್ಧವಾಗಲಿ ಎಂದು ಕೇಳಿಕೊಂಡು ಬರುವವರಲ್ಲಿ ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು. ಓದು ಮುಗಿದಿರುತ್ತದೆ, ಕೆಲಸಕ್ಕೆ ಸೇರಲು ಇನ್ನೂ ಸಮಯವಿರುತ್ತದೆ, ಆ ಬಿಡುವನ್ನು ಬರೀ ಸುತ್ತಾಟಕ್ಕೆ ಕಳೆಯದೆ ಯಾರಿಗಾದರೂ ನೆರವಾಗೋಣ ಎಂಬ ಮನಸ್ಸಿರುತ್ತದೆ. ಆ ಮನಸ್ಸಿನ ಬಗ್ಗೆ ನನಗೆ ಗೌರವವಿದೆ. ಆದರೆ ಸಂಸ್ಥೆಗಳಲ್ಲಿ ಬೆಳೆದ ಮಕ್ಕಳಿಗೆ ಆಪ್ತಸಮಾಲೋಚನೆ ಮಾಡುವುದೇ ನನ್ನ ವೃತ್ತಿ. ಅಲ್ಲಿ ಕಂಡದ್ದರ ಆಧಾರದ ಮೇಲೆ ನಾನು ಕೊಡುವ ಉತ್ತರ ಅವರನ್ನು ಸ್ವಲ್ಪ ನಿರಾಶೆಗೊಳಿಸುತ್ತದೆ: ಹೋಗುವುದಾದರೆ ಮಗುವನ್ನು ನೋಡಿಕೊಳ್ಳುವವರ ನೆರವಿಗೆ ಹೋಗಿ, ಮಗುವಿನ ಅಕ್ಕನೋ ಅಣ್ಣನೋ ಆಗಲು ಹೋಗಬೇಡಿ.

ಹೀಗೆ ಹೇಳಲು ಕಾರಣ, ಎಲ್ಲರ ಮನಸ್ಸನ್ನೂ ಗೆಲ್ಲುವ ಆ ಮೊದಲ ದಿನದಲ್ಲೇ ಇದೆ. ಗೇಟು ತೆರೆದ ಕೂಡಲೇ ಮಕ್ಕಳು ಓಡಿ ಬರುತ್ತಾರೆ. ಹೆಸರು ಕೇಳುವ ಮೊದಲೇ ಒಂದು ಮಗು ಕೈ ಹಿಡಿದಿರುತ್ತದೆ, ಇನ್ನೊಂದು ಕಂಕುಳು ಏರಿರುತ್ತದೆ. ಹೋಗಿ ಬಂದವರೆಲ್ಲ ಕಣ್ಣಲ್ಲಿ ನೀರು ತಂದುಕೊಂಡು ಹೇಳುವುದು ಇದನ್ನೇ: ಪ್ರೀತಿಗಾಗಿ ಎಷ್ಟು ಹಾತೊರೆಯುತ್ತಾರೆ ನೋಡಿ ಎಂದು. ನನ್ನ ವೃತ್ತಿಯಲ್ಲಿರುವವರಿಗೆ ಅದೇ ದೃಶ್ಯ ಗಾಬರಿ ಹುಟ್ಟಿಸುತ್ತದೆ. ಮನೆಯಲ್ಲಿ ಬೆಳೆದ ಎರಡು-ಮೂರು ವರ್ಷದ ಮಗು ಅಪರಿಚಿತರನ್ನು ಕಂಡರೆ ಅಮ್ಮನ ಹಿಂದೆ ಅಡಗುತ್ತದೆ, ಇಣುಕಿ ನೋಡುತ್ತದೆ, ಅಮ್ಮ ನಕ್ಕರೆ ಮಾತ್ರ ಮುಂದೆ ಬರುತ್ತದೆ. ನನ್ನವರು ಯಾರು, ಹೊರಗಿನವರು ಯಾರು ಎಂಬ ಗೆರೆ ಅದರ ಮನಸ್ಸಿನಲ್ಲಿ ಮೂಡಿದೆ ಎಂಬುದಕ್ಕೆ ಆ ಅಂಜಿಕೆಯೇ ಸಾಕ್ಷಿ. ಯಾರು ಬಂದರೂ ತೋಳು ಚಾಚುವ ಮಗುವಿನಲ್ಲಿ ಆ ಗೆರೆ ಮೂಡಿಲ್ಲ, ಇಲ್ಲವೇ ಮತ್ತೆ ಮತ್ತೆ ಅಳಿಸಿಹೋಗಿದೆ. ಮಕ್ಕಳ ಮನೋವೈದ್ಯರು ಇದನ್ನು ಬಾಂಧವ್ಯದ ತೊಂದರೆಯ ಲಕ್ಷಣಗಳಲ್ಲಿ ಒಂದಾಗಿ ಎಣಿಸುತ್ತಾರೆ. ದುರುದ್ದೇಶದಿಂದ ಹತ್ತಿರ ಬಂದವರ ಕೈಗೂ ಆ ಮಗು ಅಷ್ಟೇ ಸಲೀಸಾಗಿ ಸಿಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಮಗು ಒಬ್ಬರನ್ನು ಹಚ್ಚಿಕೊಳ್ಳುವುದು ಬೆಳವಣಿಗೆಗೆ ಬೇಕಾದ ಮೂಲಭೂತ ಅಗತ್ಯ. ಎರಡನೇ ಮಹಾಯುದ್ಧದ ನಂತರ ಮನೆಮಠವಿಲ್ಲದಾದ ಮಕ್ಕಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಗೆ ವರದಿ ಬರೆದುಕೊಟ್ಟ ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ 1951ರಲ್ಲೇ ಇದನ್ನು ಒತ್ತಿ ಹೇಳಿದ್ದರು. ಅವರ ಜೊತೆ ದುಡಿದಿದ್ದ ಜೇಮ್ಸ್ ರಾಬರ್ಟ್‌ಸನ್ ಮತ್ತು ಅವರ ಪತ್ನಿ ಜಾಯ್ಸ್ 1960ರ ದಶಕದ ಕೊನೆಯಲ್ಲಿ ಹದಿನೇಳು ತಿಂಗಳ ಗಂಡುಮಗುವೊಂದನ್ನು ಕ್ಯಾಮೆರಾದಲ್ಲಿ ದಾಖಲಿಸಿದರು. ತಾಯಿ ಎರಡನೇ ಹೆರಿಗೆಗೆ ಹೋಗಿದ್ದಾಗ ಆ ಮಗು ಒಂಬತ್ತು ದಿನ ಶಿಶುಪಾಲನಾ ನಿವಾಸದಲ್ಲಿತ್ತು. ಅಲ್ಲಿದ್ದ ಯುವತಿಯರು ಒಳ್ಳೆಯವರೇ, ಯಾರೂ ಗದರಲಿಲ್ಲ. ಆದರೆ ಪಾಳಿ ಬದಲಾದಂತೆ ಕೈಗಳೂ ಬದಲಾಗುತ್ತಿದ್ದವು. ಮಗು ಮೊದಲು ಒಬ್ಬೊಬ್ಬರ ಹತ್ತಿರವೂ ಹೋಗಿ ಜಾಗ ಹುಡುಕುತ್ತದೆ, ಆಮೇಲೆ ಅಳುತ್ತದೆ, ಕೊನೆಕೊನೆಗೆ ಊಟ ಬಿಡುತ್ತದೆ, ಅಮ್ಮ ಬಂದಾಗ ಅವಳಿಂದಲೂ ಮುಖ ತಿರುಗಿಸುತ್ತದೆ. ಮನೆಯಿದ್ದ, ಅಪ್ಪ ಅಮ್ಮನಿದ್ದ ಮಗುವಿಗೆ ಒಂಬತ್ತೇ ದಿನದಲ್ಲಿ ಆದ ಸ್ಥಿತಿ ಇದು.

ಇದಕ್ಕಿಂತಲೂ ಗಟ್ಟಿ ಪುರಾವೆ ಬಂದದ್ದು ರೊಮೇನಿಯಾದಿಂದ. 1989ರಲ್ಲಿ ಸರ್ವಾಧಿಕಾರಿ ಚೌಷೆಸ್ಕು ಆಡಳಿತ ಬಿದ್ದಾಗ ಆ ದೇಶದ ಸರ್ಕಾರಿ ಅನಾಥಾಲಯಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. 2000ದ ನಂತರ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಎಂಬ ಮೂವರು ಅಮೆರಿಕನ್ ವಿಜ್ಞಾನಿಗಳು ಬುಖಾರೆಸ್ಟ್ ನಗರದ ಸಂಸ್ಥೆಗಳಲ್ಲಿದ್ದ 136 ಎಳೆಯ ಮಕ್ಕಳನ್ನು ಅಧ್ಯಯನಕ್ಕೆ ಆರಿಸಿಕೊಂಡರು. ಅವರಲ್ಲಿ ಅರ್ಧದಷ್ಟು ಮಕ್ಕಳನ್ನು ತರಬೇತಾದ ಪೋಷಕ ಕುಟುಂಬಗಳಿಗೆ ಕಳಿಸಿ, ಎಲ್ಲರ ಬೆಳವಣಿಗೆಯನ್ನೂ ವರ್ಷಗಟ್ಟಲೆ ಗಮನಿಸಿದರು. ಕುಟುಂಬ ಸೇರಿದ ಮಕ್ಕಳ ಬುದ್ಧಿಮಟ್ಟವೂ ಬಾಂಧವ್ಯವೂ ಮಿದುಳಿನ ವಿದ್ಯುತ್ ಚಟುವಟಿಕೆಯೂ ಸುಧಾರಿಸಿದವು. ಸುಮಾರು ಎರಡು ವರ್ಷ ತುಂಬುವ ಮೊದಲೇ ಹೋದವರಲ್ಲಿ ಸುಧಾರಣೆ ಹೆಚ್ಚು ಎದ್ದುಕಂಡಿತು. ಆ ಮಕ್ಕಳಿಗೆ ಸಿಕ್ಕಿದ್ದು ದಿನವೂ ಎಬ್ಬಿಸುವ, ದಿನವೂ ಮಲಗಿಸುವ, ನಾಳೆಯೂ ಇರುವ ಅದೇ ಜನ. ವಿಮಾನ ಹತ್ತಿ ಹೋಗುವ ಸ್ವಯಂಸೇವಕರು ಎಷ್ಟೇ ಪ್ರೀತಿಯುಳ್ಳವರಾದರೂ ಅದನ್ನು ಕೊಡಲಾರರು.

ಏನೂ ಸಿಗದಿರುವುದಕ್ಕಿಂತ ಎರಡು ವಾರದ ಪ್ರೀತಿ ಮೇಲಲ್ಲವೇ ಎಂದು ಕೇಳುತ್ತಾರೆ. ಮಗುವಿನ ಕಡೆಯಿಂದ ಯೋಚಿಸೋಣ. ಒಬ್ಬಳು ಬರುತ್ತಾಳೆ, ತಲೆ ಬಾಚುತ್ತಾಳೆ, ಹಾಡು ಕಲಿಸುತ್ತಾಳೆ, ಹದಿನಾಲ್ಕನೇ ದಿನ ಹೋಗುತ್ತಾಳೆ. ಮುಂದಿನ ಸೋಮವಾರ ಇನ್ನೊಬ್ಬ ಬರುತ್ತಾನೆ. ವರ್ಷವಿಡೀ ಹೀಗೆ ನಡೆದರೆ ಆ ಮಗು ಕಲಿಯುವುದು, ಯಾರು ನನ್ನನ್ನು ಮುದ್ದಿಸುತ್ತಾರೋ ಅವರು ಹೋಗಿಬಿಡುತ್ತಾರೆ ಎಂಬುದನ್ನು. ಹದಿಹರೆಯಕ್ಕೆ ಬಂದ ಮೇಲೆ ಅಂಥ ಮಕ್ಕಳು ನನ್ನಂಥವರ ಮುಂದೆ ಕೂತಾಗ, ಹೋದವರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾರೆ, ತಾನೇನು ತಪ್ಪು ಮಾಡಿದೆ ಎಂದು ಕೇಳುತ್ತಾರೆ. ಹೋದವರಿಗೆ ಆ ಮಗುವಿನ ಹೆಸರು ನೆನಪಿರಬಹುದು, ಇಲ್ಲದಿರಬಹುದು.

ಇನ್ನು ಅನಾಥ ಎಂಬ ಹಣೆಪಟ್ಟಿಯ ವಿಚಾರ. ಜಗತ್ತಿನ ಅನಾಥಾಶ್ರಮಗಳಲ್ಲಿರುವ ಐದು ಮಕ್ಕಳಲ್ಲಿ ಕನಿಷ್ಠ ನಾಲ್ವರಿಗೆ ತಂದೆಯೋ ತಾಯಿಯೋ ಒಬ್ಬರಾದರೂ ಇದ್ದಾರೆ ಎಂದು ಸೇವ್ ದಿ ಚಿಲ್ಡ್ರನ್ ಸಂಸ್ಥೆ 2009ರಲ್ಲಿ ಹೇಳಿತು. ಹಾಗಾದರೆ ಅವರು ಅಲ್ಲೇಕಿದ್ದಾರೆ? ಬಹಳಷ್ಟು ಕಡೆ ಉತ್ತರ ಒಂದೇ: ಶಾಲೆ. ಹಳ್ಳಿಯಲ್ಲಿ ಒಳ್ಳೆಯ ಶಾಲೆಯಿಲ್ಲ, ಇದ್ದರೂ ಪುಸ್ತಕ, ಸಮವಸ್ತ್ರಕ್ಕೆ ದುಡ್ಡಿಲ್ಲ. ಪಟ್ಟಣದ ಆಶ್ರಮದಲ್ಲಿ ಇಂಗ್ಲಿಷ್ ಕಲಿಸುತ್ತಾರಂತೆ, ವಿದೇಶಿಯರೇ ಬಂದು ಪಾಠ ಮಾಡುತ್ತಾರಂತೆ ಎಂದು ಯಾರೋ ಮಧ್ಯವರ್ತಿ ಹೇಳುತ್ತಾನೆ. ನೇಪಾಳದಲ್ಲಿ 1996ರಿಂದ 2006ರವರೆಗೆ ನಡೆದ ಅಂತರ್ಯುದ್ಧದ ಕಾಲದಲ್ಲಿ ಹುಮ್ಲಾದಂಥ ದೂರದ ಗುಡ್ಡಗಾಡು ಜಿಲ್ಲೆಗಳ ತಂದೆತಾಯಿ ಹೀಗೆಯೇ, ಮಗು ಸುರಕ್ಷಿತವಾಗಿ ಓದಲಿ ಎಂದು ಸಾಲ ಮಾಡಿ ದಲ್ಲಾಳಿಗಳಿಗೆ ದುಡ್ಡು ಕೊಟ್ಟು ಕಳಿಸಿದರು. ಎಷ್ಟೋ ಮಕ್ಕಳಿಗೆ ಕಠ್ಮಂಡು ತಲುಪಿದ ಮೇಲೆ ಸುಳ್ಳು ಕಾಗದಪತ್ರಗಳಲ್ಲಿ ತಂದೆತಾಯಿ ಸತ್ತುಹೋದರು. ಆ ದೇಶದ ಮಕ್ಕಳ ನಿವಾಸಗಳಲ್ಲಿ ಬಹುಪಾಲು ಇರುವುದು ಕಠ್ಮಂಡು, ಲಲಿತಪುರ, ಭಕ್ತಪುರ, ಪೋಖರಾ ಇರುವ ಕಾಸ್ಕಿ, ಚಿತ್ವನ್ ಎಂಬ ಐದು ಜಿಲ್ಲೆಗಳಲ್ಲಿ. ಪ್ರವಾಸಿಗರು ಹೆಚ್ಚು ಹೋಗುವ ಜಿಲ್ಲೆಗಳೂ ಇವೇ.

ಕಾಂಬೋಡಿಯಾದಲ್ಲೂ ಕತೆ ಬೇರೆಯಲ್ಲ. 2005ರಿಂದ 2010ರ ನಡುವೆ ಅಲ್ಲಿ ಅನಾಥಾಶ್ರಮಗಳ ಸಂಖ್ಯೆ ಶೇ. 75ರಷ್ಟು ಏರಿತು. ಅನಾಥರ ಸಂಖ್ಯೆ ಹಾಗೆ ಏರಲು ಆಗ ಅಲ್ಲಿ ಅಂತರ್ಯುದ್ಧವೇನೂ ನಡೆಯುತ್ತಿರಲಿಲ್ಲ. ಏರಿದ್ದು ಬರುವ ಪ್ರವಾಸಿಗರ ಸಂಖ್ಯೆ ಮತ್ತು ಅವರು ಬಿಟ್ಟುಹೋಗುವ ದುಡ್ಡು. ಮಕ್ಕಳು ಪ್ರವಾಸಿ ಆಕರ್ಷಣೆಗಳಲ್ಲ ಎಂದು ಫ್ರೆಂಡ್ಸ್-ಇಂಟರ್‌ನ್ಯಾಷನಲ್ ಸಂಸ್ಥೆ 2011ರಲ್ಲಿ ಅಲ್ಲಿ ಪ್ರಚಾರ ಶುರುಮಾಡಬೇಕಾಯಿತು. ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿ ಕಾಯ್ದೆ ತರುವ ಹೊತ್ತಿಗೆ, ಅನಾಥಾಶ್ರಮ ತುಂಬಿಸಲೆಂದು ಮಕ್ಕಳನ್ನು ಸಾಗಿಸುವುದನ್ನೂ ಗುಲಾಮಗಿರಿಯ ಒಂದು ರೂಪವೆಂದು ಒಪ್ಪಿಕೊಂಡಿತು. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ನಿರ್ಣಯವೂ ಅನಾಥಾಶ್ರಮಗಳಲ್ಲಿನ ಸ್ವಯಂಸೇವೆಯಿಂದ ಆಗುವ ಹಾನಿಯ ಬಗ್ಗೆ ಎಚ್ಚರಿಸಿತು.

ಎಲ್ಲ ಆಶ್ರಮಗಳೂ ಮೋಸದವು ಎಂದು ನಾನು ಹೇಳುತ್ತಿಲ್ಲ. ನಿಜವಾಗಿ ಯಾರೂ ಇಲ್ಲದ ಮಕ್ಕಳಿದ್ದಾರೆ, ಮನೆಯೇ ಅಪಾಯವಾದ ಮಕ್ಕಳಿದ್ದಾರೆ. ಅವರನ್ನು ಹಗಲಿರುಳು ನೋಡಿಕೊಳ್ಳುವ ಹೆಂಗಸರನ್ನು ಕಂಡಾಗ ನನ್ನ ಕೈಗಳು ತಾವಾಗಿಯೇ ಜೋಡಿಕೊಳ್ಳುತ್ತವೆ. ಒಬ್ಬಾಕೆಯ ಪಾಲಿಗೆ ಎಷ್ಟೋ ಮಕ್ಕಳು, ಸಂಬಳ ಅಷ್ಟಕ್ಕಷ್ಟೇ, ಜ್ವರ ಬಂದ ಮಗುವಿನ ಪಕ್ಕ ರಾತ್ರಿ ಕೂರುವವಳೂ ಅವಳೇ. ಆದರೆ ಹೊಸ ಮುಖ ಬಂದಾಗ ಮಕ್ಕಳ ಕಣ್ಣಿನಲ್ಲಿ ಅವಳು ಸಣ್ಣವಳಾಗುತ್ತಾಳೆ. ಚಾಕೊಲೇಟು ತರುವವಳು ಅಕ್ಕ, ಹಲ್ಲುಜ್ಜು ಎನ್ನುವವಳು ಇವಳು. ಸ್ವಯಂಸೇವಕರಿದ್ದಾರಲ್ಲ ಎಂದು ಆಡಳಿತ ಮಂಡಳಿ ಇನ್ನೊಬ್ಬ ಆಯಾಳನ್ನು ನೇಮಿಸುವುದನ್ನು ಮುಂದೂಡುವುದೂ ಉಂಟು. ಮಗುವಿಗೆ ದಕ್ಕಬೇಕಾಗಿದ್ದ ಖಾಯಂ ವ್ಯಕ್ತಿ ಹೀಗೆ ಕೈತಪ್ಪುತ್ತಾಳೆ.

ತರಗತಿಯಲ್ಲೂ ಇದೇ ಆಗುತ್ತದೆ. ಪ್ರತಿ ತಂಡವೂ ಬಣ್ಣಗಳ ಹೆಸರು, ಪ್ರಾಣಿಗಳ ಹೆಸರು, ಮೈಯ ಭಾಗಗಳ ಹಾಡಿನಿಂದಲೇ ಶುರುಮಾಡುತ್ತದೆ. ಹತ್ತು ಸಲ ಅದನ್ನೇ ಕಲಿತ ಮಕ್ಕಳು ಹನ್ನೊಂದನೇ ಸಲವೂ ಗೊತ್ತಿಲ್ಲದವರಂತೆ ನಗುತ್ತ ಹಾಡುತ್ತಾರೆ, ಯಾಕೆಂದರೆ ಬಂದವರು ಖುಷಿಪಡಬೇಕು ಎಂಬುದು ಅವರಿಗೆ ಗೊತ್ತು. ಭಾಗಾಕಾರ ಬಾರದ ಹುಡುಗ ಬಾರದವನಾಗಿಯೇ ಉಳಿಯುತ್ತಾನೆ. ಸ್ಥಳೀಯ ಶಿಕ್ಷಕ ಹಿಂದಿನ ಬೆಂಚಿಗೆ ಸರಿಯುತ್ತಾನೆ.

ಹಾಗಾದರೆ ಹೋಗುವವರು ಏನು ಮಾಡಬಹುದು? ಆ ಶಿಕ್ಷಕನನ್ನೇ ನಿಮ್ಮ ವಿದ್ಯಾರ್ಥಿಯೋ ಗೆಳೆಯನೋ ಮಾಡಿಕೊಳ್ಳಿ. ಶಾಲೆ ಬಿಟ್ಟ ಮೇಲೆ ಅವರ ಜೊತೆ ಇಂಗ್ಲಿಷಿನಲ್ಲಿ ಮಾತಾಡಿ, ಪಾಠದ ಸಾಮಗ್ರಿ ಸೇರಿ ತಯಾರಿಸಿ, ಕಂಪ್ಯೂಟರ್ ಬಲ್ಲವರಾದರೆ ಲೆಕ್ಕಪತ್ರ, ಮಕ್ಕಳ ಕಡತಗಳನ್ನು ಸರಿಯಾಗಿ ಇಡುವ ವ್ಯವಸ್ಥೆ ಮಾಡಿಕೊಡಿ. ಕಡತ ಎಂದರೆ ಹಗುರವಾಗಿ ನೋಡಬೇಡಿ. ಊರು, ಅಪ್ಪ ಅಮ್ಮನ ಹೆಸರು, ಬಂದ ದಿನ ಸರಿಯಾಗಿ ಬರೆದಿಟ್ಟರೆ ಮುಂದೊಂದು ದಿನ ಆ ಮಗುವಿನ ಮನೆ ಹುಡುಕಲು ಅದೇ ದಾರಿ. ಮಾತಿನ ಚಿಕಿತ್ಸೆ, ಫಿಸಿಯೋಥೆರಪಿ, ವಿಶೇಷ ಶಿಕ್ಷಣ ಬಲ್ಲವರು ಆರೈಕೆ ಮಾಡುವವರಿಗೆ ತರಬೇತಿ ಕೊಟ್ಟರೆ ಅದು ನೀವು ಹೋದ ಮೇಲೂ ಉಳಿಯುತ್ತದೆ. ಮಕ್ಕಳ ಜೊತೆಯೇ ಇರಬೇಕೆಂಬ ಆಸೆ ತಡೆಯದಿದ್ದರೆ, ಸಂಜೆ ಮಕ್ಕಳು ತಮ್ಮ ತಮ್ಮ ಮನೆಗೆ ಮರಳುವ ಹಗಲುಶಾಲೆಯನ್ನು ಆರಿಸಿ. ಅಲ್ಲಿ ನೀವು ಹೊರಟುಹೋದರೂ ಮಗುವಿನ ಲೋಕ ಕುಸಿಯುವುದಿಲ್ಲ.

ಟಿಕೆಟ್ ಕೊಳ್ಳುವ ಮೊದಲು ಸಂಸ್ಥೆಗೆ ಪತ್ರ ಬರೆದು ಕೇಳಿ: ಈ ಮಕ್ಕಳು ಇಲ್ಲಿಗೆ ಹೇಗೆ ಬಂದರು, ಮನೆಯವರು ಭೇಟಿಗೆ ಬರುತ್ತಾರೆಯೇ, ಹಬ್ಬಕ್ಕೆ ಮಕ್ಕಳು ಊರಿಗೆ ಹೋಗುತ್ತಾರೆಯೇ, ಮಕ್ಕಳನ್ನು ಕುಟುಂಬಕ್ಕೆ ಮರಳಿಸಲು ಸಮಾಜ ಕಾರ್ಯಕರ್ತರಿದ್ದಾರೆಯೇ, ಸರ್ಕಾರದ ನೋಂದಣಿ ಇದೆಯೇ. ಉತ್ತರಕ್ಕಿಂತ, ಉತ್ತರಿಸುವಾಗಿನ ಸಿಡಿಮಿಡಿ ಹೆಚ್ಚು ಹೇಳುತ್ತದೆ. ಅವರು ನಿಮ್ಮನ್ನು ಏನು ಕೇಳುತ್ತಾರೆ ಎಂಬುದನ್ನಂತೂ ತಪ್ಪದೆ ಗಮನಿಸಿ. ಪೊಲೀಸ್ ಪ್ರಮಾಣಪತ್ರ ಬೇಡ, ಸಂದರ್ಶನ ಬೇಡ, ಶುಲ್ಕ ಕಟ್ಟಿ ಬಂದುಬಿಡಿ ಎಂದರೆ ಆ ಸಂಸ್ಥೆಯನ್ನು ಅಲ್ಲಿಗೇ ಬಿಡಿ. ನಿಮ್ಮ ಪೂರ್ವಾಪರ ವಿಚಾರಿಸದೆ ಒಳಬಿಟ್ಟವರು ಮಕ್ಕಳ ಮೈಮೇಲೆ ಕಣ್ಣಿಟ್ಟವನನ್ನೂ ಹಾಗೆಯೇ ಒಳಬಿಡುತ್ತಾರೆ, ಅಂಥವರು ಇಂಥ ಜಾಗಗಳನ್ನು ಹುಡುಕಿಕೊಂಡೇ ಹೋಗುತ್ತಾರೆ. ವೀಸಾ ನಿಯಮವನ್ನೂ ನೋಡಿಕೊಳ್ಳಿ. ನೇಪಾಳದಂಥ ದೇಶದಲ್ಲಿ ಪ್ರವಾಸಿ ವೀಸಾದ ಮೇಲೆ ಸಂಬಳವಿಲ್ಲದ ಸೇವೆ ಮಾಡುವುದಕ್ಕೂ ಅನುಮತಿಯಿಲ್ಲ. ಅದನ್ನು ಮುಚ್ಚಿಟ್ಟು ಕರೆಯುವ ಸಂಸ್ಥೆ ಇನ್ನೇನನ್ನು ಮುಚ್ಚಿಟ್ಟಿರಬಹುದು ಯೋಚಿಸಿ.

ಈಗಾಗಲೇ ಅಲ್ಲಿರುವವರಿಗೂ ಒಂದೆರಡು ಮಾತು. ಹೊರಡುವ ದಿನವನ್ನು ಮಕ್ಕಳಿಗೆ ಈಗಲೇ ತಿಳಿಸಿ, ಕ್ಯಾಲೆಂಡರಿನಲ್ಲಿ ತೋರಿಸಿ. ಹೇಳದೆ ರಾತ್ರೋರಾತ್ರಿ ಹೋಗಬೇಡಿ. ಮತ್ತೆ ಬರುತ್ತೇನೆ ಎಂದು ಮಾತು ಕೊಡಬೇಡಿ. ಒಂದೇ ಮಗುವನ್ನು ಮುದ್ದಿನದಾಗಿ ಮಾಡಿಕೊಳ್ಳಬೇಡಿ. ಮಗು ಬಿದ್ದು ಅತ್ತರೆ ನೀವೇ ಎತ್ತಿಕೊಳ್ಳುವ ಬದಲು ಅದರ ಆಯಾಳ ಬಳಿಗೆ ಕರೆದೊಯ್ಯಿರಿ, ಅಳುವಾಗ ಹೋಗಬೇಕಾದ್ದು ಅವಳ ಹತ್ತಿರ ಎಂದು ಅದಕ್ಕೆ ಗೊತ್ತಾಗಲಿ. ಮಕ್ಕಳ ಮುಖ ಕಾಣುವ ಫೋಟೊವನ್ನು ಇನ್‌ಸ್ಟಾಗ್ರಾಮ್‌ಗೆ ಹಾಕಬೇಡಿ. ಅನಾಥ ಎಂಬ ಶೀರ್ಷಿಕೆಯ ಕೆಳಗೆ ತನ್ನ ಬಾಲ್ಯದ ಚಿತ್ರ ಕಂಡ ಹುಡುಗಿಯೊಬ್ಬಳ ಸಿಟ್ಟನ್ನು ನಾನು ಕೇಳಿದ್ದೇನೆ, ಅವಳ ತಾಯಿ ಬದುಕಿದ್ದರು.

ದುಡ್ಡು ಕೊಡುವ ಮನಸ್ಸಿದ್ದರೆ, ಮಕ್ಕಳು ಮನೆಯಲ್ಲೇ ಇದ್ದು ಓದುವಂತೆ ಕುಟುಂಬಕ್ಕೆ ಆಸರೆಯಾಗುವ, ಇಲ್ಲವೇ ಆಶ್ರಮದಿಂದ ಮನೆಗೆ ಮರಳಿಸುವ ಕೆಲಸಕ್ಕೆ ಕೊಡಿ. ನಿಮ್ಮ ದುಡ್ಡು ಈಗಾಗಲೇ ಯಾವುದಾದರೂ ಆಶ್ರಮಕ್ಕೆ ಹೋಗುತ್ತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ಮಕ್ಕಳ ಅಂದಿನ ಊಟಕ್ಕೇ ಕುತ್ತು ಬಂದೀತು. ಮುಂದಿನ ವರ್ಷದ ಹಣ ಎಷ್ಟು ಮಕ್ಕಳನ್ನು ಮನೆ ಸೇರಿಸಲು ಬಳಕೆಯಾಗುತ್ತದೆ ಎಂದು ಕೇಳಿ, ಲಿಖಿತ ಯೋಜನೆ ತರಿಸಿಕೊಳ್ಳಿ, ಅದರಂತೆ ಕಂತು ಕಂತಾಗಿ ಕಳಿಸಿ.