ತೊಗರಿಬೇಳೆ ಉಬ್ಬುವುದು ಅಭಿಸರಣೆಯಲ್ಲ: ಕೋಶಪೊರೆ ಸಾಗಾಣಿಕೆಯ ಟಿಪ್ಪಣಿ

ಪರೀಕ್ಷೆಯಲ್ಲಿ ಅಭಿಸರಣೆಗೆ (ಪೊರೆ ದಾಟಿ ನೀರು ಹರಿಯುವುದಕ್ಕೆ) ಉದಾಹರಣೆ ಕೊಡಿ ಎಂದರೆ ಕಲಬುರಗಿಯಲ್ಲಿ ಮೊದಲು ನೆನಪಾಗುವುದು ತೊಗರಿಬೇಳೆ: ರಾತ್ರಿ ನೆನೆಹಾಕಿದರೆ ಬೆಳಗ್ಗೆ ಉಬ್ಬಿರುತ್ತದೆ. ಈ ಉದಾಹರಣೆ ಬರೆಯಬೇಡಿ. ಒಣಬೇಳೆಯ ಪಿಷ್ಟ, ಪ್ರೋಟೀನು ನೀರು ಹೀರಿ ಊದಿಕೊಳ್ಳುತ್ತವೆ, ಅಷ್ಟೆ. ಅದರ ಹೆಸರು ಇಂಬಿಬಿಷನ್. ಮಳೆಗಾಲದಲ್ಲಿ ಕಟ್ಟಿಗೆ ಬಾಗಿಲು ಬಿಗಿಯಾಗುವುದೂ ಇದೇ. ಅಭಿಸರಣೆ ಎನ್ನಬೇಕಾದರೆ ನೀರಿಗೆ ದಾರಿ ಕೊಟ್ಟು ಉಪ್ಪು, ಸಕ್ಕರೆಯನ್ನು ತಡೆಯುವ ಪೊರೆ ನಡುವೆ ಇರಲೇಬೇಕು.

ಜೀವಕೋಶದಲ್ಲಿ ಆ ಪೊರೆಯ ದಪ್ಪ ಸುಮಾರು 7–8 ನ್ಯಾನೊಮೀಟರ್. ಫಾಸ್ಫೋಲಿಪಿಡ್ ಎಂಬ ಕೊಬ್ಬಿನಂಥ ಅಣುಗಳ ಎರಡು ಸಾಲು. ತಲೆಗಳು ನೀರಿನ ಕಡೆ, ಬಾಲಗಳು ನಡುವೆ. ಅಂದರೆ ನಡುವೆ ಇರುವುದು ಎಣ್ಣೆಯಂಥ ಪದರ. ಆಮ್ಲಜನಕ, ಕಾರ್ಬನ್ ಡೈಆಕ್ಸೈಡ್ ಅದರಲ್ಲಿ ಸಲೀಸಾಗಿ ನುಸುಳುತ್ತವೆ. ಸೋಡಿಯಂ ಅಯಾನು ಎಷ್ಟು ಸಣ್ಣದಿದ್ದರೂ ನುಸುಳಲಾರದು: ಅದಕ್ಕೆ ವಿದ್ಯುದಾವೇಶವಿದೆ, ಸುತ್ತ ನೀರಿನ ಅಣುಗಳು ಅಂಟಿಕೊಂಡಿರುತ್ತವೆ. ‘ಸಣ್ಣದಾದರೆ ದಾಟುತ್ತದೆ’ ಎಂದು ಬರೆದವರಿಗೆ ಅಂಕ ಹೋಗುವುದು ಇಲ್ಲೇ. ಗ್ಲೂಕೋಸಿಗೆ ವಾಹಕ ಪ್ರೋಟೀನು ಬೇಕು. ನೀರಿಗೆ ಅಕ್ವಾಪೊರಿನ್ ಎಂಬ ಕಾಲುವೆ ಇದೆ. ಅದನ್ನು ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಬಂತು. ಇವೆಲ್ಲ ಇಳಿಜಾರಿನ ಹರಿವು, ಎಟಿಪಿ (ಕೋಶದ ಶಕ್ತಿಯ ಅಣು) ಖರ್ಚಿಲ್ಲ. ಗ್ರಾಫ್ ಕೊಟ್ಟರೆ ಹೀಗೆ ಗುರುತಿಸಿ: ಸಾರತೆ ಹೆಚ್ಚಿದಂತೆ ನೇರವಾಗಿ ಏರುತ್ತಲೇ ಹೋಗುವ ಗೆರೆ ವಾಹಕವಿಲ್ಲದ ಸರಳ ವಿಸರಣೆ, ಏರಿ, ಬಾಗಿ, ಸಮವಾಗಿ ನಿಲ್ಲುವುದು ವಾಹಕದ್ದು. ವಾಹಕಗಳೆಲ್ಲ ಭರ್ತಿಯಾದ ಮೇಲೆ ವೇಗ ಹೆಚ್ಚುವುದಿಲ್ಲ.

ಅಭಿಸರಣೆಯನ್ನು ಕಣ್ಣಾರೆ ನೋಡಲು ಆಲೂಗಡ್ಡೆ ಸಾಕು. ಒಂದೇ ಗಡ್ಡೆಯಿಂದ 5 ಸೆಂ.ಮೀ. ಉದ್ದ, 1 ಸೆಂ.ಮೀ. ದಪ್ಪದ ಎರಡು ತುಂಡು ಕತ್ತರಿಸಿ ತೂಗಿ. ಒಂದನ್ನು ಬರೀ ನೀರಿಗೆ, ಇನ್ನೊಂದನ್ನು 100 ಮಿ.ಲೀ. ನೀರಿಗೆ 10 ಗ್ರಾಂ ಉಪ್ಪು ಹಾಕಿದ ದ್ರಾವಣಕ್ಕೆ ಬಿಡಿ. ಒಂದು ತಾಸಿನ ನಂತರ ಮೊದಲನೆಯದು ಬಾಗಿಸಿದರೆ ಟಕ್ಕನೆ ಮುರಿಯುತ್ತದೆ. ಎರಡನೆಯದು ರಬ್ಬರಿನಂತೆ ಬಳುಕುತ್ತದೆ. ಸಿಪ್ಪೆ ಪೂರ್ತಿ ತೆಗೆಯಿರಿ, ಅದು ನೀರನ್ನು ತಡೆಯುತ್ತದೆ. ತೂಗುವ ಮುಂಚೆ ಒರೆಸದಿದ್ದರೆ ಮೈಮೇಲಿನ ನೀರೇ ತೂಕಕ್ಕೆ ಸೇರುತ್ತದೆ. ಫಲಿತಾಂಶವನ್ನು ಶೇಕಡಾದಲ್ಲಿ ಬರೆಯಿರಿ: 5.0 ಗ್ರಾಂ ಇದ್ದದ್ದು 4.5 ಆದರೆ −10%. ಬೇಯಿಸಿದ ಆಲೂಗಡ್ಡೆಯಿಂದ ಈ ಪ್ರಯೋಗ ಆಗದು. ಪೊರೆ ಹಾಳಾಗಿರುವುದರಿಂದ ಉಪ್ಪು ನೇರ ಒಳಗೇ ಹೋಗುತ್ತದೆ. ಪಲ್ಯ ರುಚಿಯಾಗುವುದು ಹಾಗೇ ಅನ್ನಿ.

ನೀರಿನ ವಿಭವ, ಅಂದರೆ ನೀರು ಯಾವ ಕಡೆ ಹರಿಯುತ್ತದೆ ಎಂದು ಹೇಳುವ ಅಳತೆ, ಎಲ್ಲರನ್ನೂ ಕಾಡುವುದು ಋಣ ಚಿಹ್ನೆಯಿಂದಾಗಿ. ಶುದ್ಧ ನೀರಿಗೆ ಸೊನ್ನೆ. ದ್ರಾವ್ಯ ಕರಗಿದಂತೆ ಸೊನ್ನೆಗಿಂತ ಕೆಳಗಿಳಿಯುತ್ತದೆ. ನೀರು ಹರಿಯುವುದು ಹೆಚ್ಚಿನಿಂದ ಕಡಿಮೆಗೆ, ಅಂದರೆ −0.3 ಮೆಗಾಪಾಸ್ಕಲ್‌ನಿಂದ −0.6ಕ್ಕೆ. ಯಾದಗಿರಿಯ ಕಾಲುವೆ ಬಯಲಿನಲ್ಲಿ ಸವಳು ಬಿದ್ದ ಹೊಲವನ್ನು ನೆನೆಯಿರಿ. ಬೇರಿನೊಳಗೆ −0.6 ಮೆಗಾಪಾಸ್ಕಲ್, ಮಣ್ಣಿನ ನೀರು −0.9 ಎಂದುಕೊಂಡರೆ ಹೊಲ ಹಸಿಯಿದ್ದರೂ ಬೆಳೆ ಬಾಡುತ್ತದೆ. ಗಿಡದ ಬುಡಕ್ಕೇ ಯೂರಿಯಾ ಸುರಿದಾಗ ಎಲೆ ಸುಡುವುದಕ್ಕೂ ಇದು ಒಂದು ಕಾರಣ.

ಇನ್ನು ಏರುದಾರಿ, ಅಂದರೆ ಕಡಿಮೆ ಇರುವ ಕಡೆಯಿಂದ ಹೆಚ್ಚು ಇರುವ ಕಡೆಗೆ ಸಾಗಾಣಿಕೆ. ನಮ್ಮ ಕೋಶದ ಹೊರಗೆ ಸೋಡಿಯಂ ಸುಮಾರು 145 ಮಿಲಿಮೋಲಾರ್, ಒಳಗೆ 12 ಮಾತ್ರ. ಪೊಟ್ಯಾಸಿಯಂ ಹೊರಗೆ 4, ಒಳಗೆ 140. ಈ ಅಂತರ ಕಾಯುವುದು ಸೋಡಿಯಂ-ಪೊಟ್ಯಾಸಿಯಂ ಪಂಪು: ಒಂದು ಎಟಿಪಿಗೆ ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ. ಕರುಳಿನ ಕೋಶ ಈ ಅಂತರವನ್ನೇ ಬಂಡವಾಳ ಮಾಡಿಕೊಳ್ಳುತ್ತದೆ. ಎರಡು ಸೋಡಿಯಂ ಒಳಬರುವಾಗ ಒಂದು ಗ್ಲೂಕೋಸನ್ನೂ ಎಳೆದು ತರುತ್ತವೆ, ಹಿಂದೆಯೇ ನೀರು ಬರುತ್ತದೆ. ಇದು ದ್ವಿತೀಯಕ ಸಕ್ರಿಯ ಸಾಗಾಣಿಕೆ. ಎಟಿಪಿ ಖರ್ಚಾಗಿದ್ದು ಪಂಪಿನಲ್ಲಿ, ಇಲ್ಲಲ್ಲ.

ಭೇದಿಯಾದಾಗ ಕುಡಿಸುವ ಓಆರ್‌ಎಸ್ ಕೆಲಸ ಮಾಡುವುದು ಹೀಗೆಯೇ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರಿನಲ್ಲಿ ಸೋಡಿಯಂ 75, ಗ್ಲೂಕೋಸ್ 75 ಮಿಲಿಮೋಲ್. ಉಳಿದ ಲವಣಗಳ ಅಯಾನುಗಳೂ ಸೇರಿ ಕರಗಿದ ಕಣಗಳ ಲೆಕ್ಕ ಒಟ್ಟು 245 ಮಿಲಿಆಸ್ಮೋಲ್. ರಕ್ತದ್ದು ಸುಮಾರು 290, ಹಾಗಾಗಿ ನೀರು ಕರುಳಿನಿಂದ ಒಳಗೆ ಹೋಗುತ್ತದೆ. ಒಂದು ಲೀಟರಿನ ಪ್ಯಾಕೆಟ್ಟನ್ನು 200 ಮಿ.ಲೀ. ಲೋಟಕ್ಕೇ ಸುರಿದರೆ 1225 ಆಗುತ್ತದೆ. ಆಗ ನೀರು ರಕ್ತದಿಂದ ಕರುಳಿಗೇ ಇಳಿಯುತ್ತದೆ, ಭೇದಿ ಹೆಚ್ಚುತ್ತದೆ.