ಹಡಗು ಮರಳಿಗೆ ಹತ್ತಿದರೆ ಬ್ಯಾಡಗಿ ವರ್ತಕರಿಗೇಕೆ ಬಿಲ್ಲು?

ಬ್ಯಾಡಗಿಯ ಮೆಣಸಿನಕಾಯಿಯಾಗಲಿ, ಹುಬ್ಬಳ್ಳಿಯಲ್ಲಿ ತಯಾರಾದ ವಾಲ್ವುಗಳಾಗಲಿ, ಹೊರದೇಶಕ್ಕೆ ಹೋಗುವುದು ಹೆಚ್ಚಾಗಿ ಕಂಟೇನರ್ ತುಂಬಿದ ಹಡಗಿನಲ್ಲಿ. ಆ ಹಡಗು ದಾರಿಯಲ್ಲೆಲ್ಲೋ ಮರಳು ದಿಬ್ಬಕ್ಕೆ ಹತ್ತಿತು ಎನ್ನಿ. ನಮ್ಮ ಸರಕಿಗೆ ಒಂದು ಹನಿ ನೀರು ತಾಗಿಲ್ಲ, ಒಂದು ಚೀಲ ಹರಿದಿಲ್ಲ. ಆದರೂ ಸರಕಿನ ಮಾಲೀಕರಿಗೆ ಪತ್ರ ಬರುತ್ತದೆ: ‘ಜನರಲ್ ಆವರೇಜ್ ಘೋಷಣೆಯಾಗಿದೆ. ಪಾಲು ಕೊಡುವುದಾಗಿ ಬಾಂಡಿಗೆ ಸಹಿ ಹಾಕಿ, ವಿಮಾ ಕಂಪನಿಯ ಗ್ಯಾರಂಟಿ ತನ್ನಿ. ವಿಮೆ ಇಲ್ಲದಿದ್ದರೆ ನಗದು ಠೇವಣಿ ಇಡಿ. ಅಲ್ಲಿಯವರೆಗೆ ಸರಕು ಬಿಡುವುದಿಲ್ಲ.’ ಮೊದಲ ಸಲ ಇಂಥ ಪತ್ರ ನೋಡಿದವರು ಇದೇನೋ ವಂಚನೆ ಎಂದುಕೊಳ್ಳುವುದು ಸಹಜ. ಆದರೆ ಇದು, ಹಡಗು-ಸರಕು ಉಳಿಸಲು ಆದ ನಷ್ಟ, ಖರ್ಚನ್ನು ಹಡಗಿನವರೂ ಸರಕಿನವರೂ ಹಂಚಿಕೊಳ್ಳಬೇಕೆಂಬ, ಎರಡು ಸಾವಿರ ವರ್ಷಕ್ಕೂ ಹಳೆಯ ನಿಯಮ. ಇದು ಅರ್ಥವಾಗಬೇಕಾದರೆ ಹತ್ತಿದ ಹಡಗನ್ನು ಬಿಡಿಸುವ ಕೆಲಸ ಎಂಥದ್ದು ಎಂದು ಮೊದಲು ತಿಳಿಯಬೇಕು.

80 ಮೀಟರ್ ಉದ್ದ, 13 ಮೀಟರ್ ಅಗಲದ ಸಣ್ಣ ಸರಕು ಹಡಗೊಂದನ್ನು ತೆಗೆದುಕೊಳ್ಳೋಣ. ಇಷ್ಟು ಗಾತ್ರದ ಹಡಗು ಒಂದು ಸೆಂಟಿಮೀಟರ್ ಮುಳುಗಲು ಸುಮಾರು 9 ಟನ್ ಭಾರ ಬೇಕು. ಹತ್ತುವ ಮೊದಲು ಎಷ್ಟು ಆಳಕ್ಕೆ ಮುಳುಗಿತ್ತು, ಈಗ ಎಷ್ಟು ಮುಳುಗಿದೆ ಎಂಬುದನ್ನು ಹಡಗಿನ ಪಕ್ಕೆಯ ಮೇಲಿನ ಅಂಕಿಗಳೇ ಹೇಳುತ್ತವೆ. ಸರಾಸರಿ 60 ಸೆಂಟಿಮೀಟರ್ ಮೇಲೆದ್ದಿದ್ದರೆ, ನೀರು ಹೊರಬೇಕಾದ 540 ಟನ್ ಭಾರವನ್ನು ಈಗ ನೆಲ ಹೊತ್ತಿದೆ ಎಂದರ್ಥ. ಎಳೆಯಲು ಬೇಕಾದ ಬಲ ನೆಲದ ಗುಣವನ್ನು ಅವಲಂಬಿಸಿದೆ: ಕೆಸರಾದರೆ ಆ ಭಾರದ ಶೇ. 20–30, ಮರಳಾದರೆ ಶೇ. 30–40, ಬಂಡೆಯಾದರೆ ಶೇ. 80ರಿಂದ 150. ಮರಳೆಂದು ಹಿಡಿದು ಶೇ. 35ರ ಲೆಕ್ಕ ಹಾಕಿದರೂ ಸುಮಾರು 190 ಟನ್ ಎಳೆತ ಬೇಕು. ತಲಾ 50 ಟನ್ ಬಲದಿಂದ ಹಡಗು ಎಳೆಯುವ ನಾಲ್ಕು ಟಗ್ ದೋಣಿಗಳು ಒಂದೇ ಸಲಕ್ಕೆ ಎಲ್ಲಿ ಸಿಗಬೇಕು?

ಆದ್ದರಿಂದ ತಿಳಿದವರು ಎಳೆತಕ್ಕಿಂತ ಮೊದಲು ಭಾರ ಇಳಿಸುವ ಬಗ್ಗೆ, ಸಮುದ್ರದ ಭರತದ ಬಗ್ಗೆ ಯೋಚಿಸುತ್ತಾರೆ. 250 ಟನ್ ಸರಕನ್ನು ಬಾರ್ಜಿಗೆ, ಅಂದರೆ ಚಪ್ಪಟೆ ತಳದ ಸರಕು ದೋಣಿಗೆ, ಇಳಿಸಿದರೆ ಉಳಿಯುವುದು 290 ಟನ್. ಹತ್ತಿದ ಹೊತ್ತಿಗಿಂತ 30 ಸೆಂಟಿಮೀಟರ್ ಹೆಚ್ಚಿನ ಭರತ ಸಿಕ್ಕರೆ ಇನ್ನೂ 270 ಟನ್ ಕಳೆಯಿತು. ಆಗ ಒಂದು ಟಗ್ ಸಾಕಾದೀತು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನ ದೊಡ್ಡ ಭರತಕ್ಕೆ ಸಾಲ್ವೇಜ್ ತಂಡಗಳು, ಅಂದರೆ ಅಪಾಯಕ್ಕೆ ಸಿಕ್ಕ ಹಡಗು ಬಿಡಿಸುವವರು, ಕಾಯುವುದು ಇದಕ್ಕೇ. ಸುಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡ ಎವರ್ ಗಿವನ್ ಬಿಡಿಸಿಕೊಂಡದ್ದು 2021ರ ಮಾರ್ಚ್ 29ರಂದು, ಹೋಳಿ ಹುಣ್ಣಿಮೆಯ ಮರುದಿನ. ಹಾಗೆಯೇ ದೊಡ್ಡ ಭರತದ ತುದಿಯಲ್ಲೇ ಹತ್ತಿದ ಹಡಗಿನಷ್ಟು ನತದೃಷ್ಟ ಹಡಗು ಇನ್ನೊಂದಿಲ್ಲ. ಅಂಥದ್ದೇ ಭರತ ಮತ್ತೆ ಬರಲು ಕನಿಷ್ಠ ಎರಡು ವಾರ ಬೇಕು. ಅಷ್ಟರಲ್ಲಿ ಅಲೆ ಅದನ್ನು ಸುಮ್ಮನೆ ಬಿಡುವುದಿಲ್ಲ.

ಎಷ್ಟೋ ಹಡಗುಗಳು ಕೆಡುವುದು ಹತ್ತಿದ ಕ್ಷಣದಲ್ಲಲ್ಲ, ಆಮೇಲಿನ ಗಾಬರಿಯಲ್ಲಿ. ಎಂಜಿನ್ನನ್ನು ಪೂರ್ತಿ ಹಿಮ್ಮುಖವಾಗಿ ಓಡಿಸಿದರೆ ಪ್ರೊಪೆಲರ್ ಕೆದಕಿದ ಮರಳು ಹಡಗಿನ ತಳದಡಿಗೇ ಬಂದು ಗುಡ್ಡೆಯಾಗುತ್ತದೆ. ತಂಪಿಗಾಗಿ ನೀರು ಹೀರುವ ಕಿಂಡಿಗಳಲ್ಲೂ ಅದೇ ಮರಳು ತುಂಬಿ ಎಂಜಿನ್, ಜನರೇಟರ್ ಎರಡೂ ನಿಲ್ಲುತ್ತವೆ. ಕರೆಂಟು ಹೋದ ಹಡಗಿನಲ್ಲಿ ಪಂಪೂ ಇಲ್ಲ, ಲಂಗರು ಎತ್ತುವ ಯಂತ್ರವೂ ಇಲ್ಲ. ತಳ ಹರಿದಿದ್ದರೆ, ನೆಲದ ಮೇಲೆ ಸುರಕ್ಷಿತವಾಗಿ ಕೂತಿದ್ದ ಹಡಗು ಆಳಕ್ಕೆ ಜಾರಿ ಮುಳುಗಲೂಬಹುದು. ಇನ್ನೊಂದು ತಪ್ಪು, ಹಗುರಾಗಲೆಂದು ಬ್ಯಾಲಾಸ್ಟ್ ನೀರನ್ನು, ಅಂದರೆ ಸಮತೋಲಕ್ಕೆ ಟ್ಯಾಂಕುಗಳಲ್ಲಿ ತುಂಬಿದ ನೀರನ್ನು, ಕೂಡಲೇ ಹೊರಹಾಕುವುದು. ಹಗುರಾದ ಹಡಗನ್ನು ಅಲೆ ಇನ್ನಷ್ಟು ದಡಕ್ಕೆ ನೂಕುತ್ತದೆ. ಮಾಡಬೇಕಾದ್ದು ಇದರ ತಿರುವುಮುರುವು: ಎಂಜಿನ್ ನಿಲ್ಲಿಸಿ ಎಲ್ಲ ಟ್ಯಾಂಕುಗಳ ಮಟ್ಟ ಅಳೆದು ಎಲ್ಲಿ ನೀರು ನುಗ್ಗುತ್ತಿದೆ ನೋಡುವುದು, ಹಡಗಿನ ಸುತ್ತ ಆಳ ಅಳೆಯುವುದು, ಬೇಕಾದರೆ ಇನ್ನಷ್ಟು ನೀರು ತುಂಬಿ ಅಲ್ಲೇ ಗಟ್ಟಿಯಾಗಿ ಕೂರಿಸುವುದು, ಆಳದ ಕಡೆಗೆ ಲಂಗರು ಒಯ್ದು ಹಾಕುವುದು. ಆ ನೀರನ್ನು ಖಾಲಿ ಮಾಡುವುದು ಟಗ್ಗಿನ ಹಗ್ಗ ಬಿಗಿಯಾದ ಮೇಲೆ, ಭರತ ಏರುವಾಗ. ಅದಕ್ಕೂ ಮೊದಲು ಇಂಧನ ತೆಗೆಯಬೇಕು. ದಪ್ಪ ಎಣ್ಣೆ ತಣ್ಣಗಾದರೆ ಪಂಪಿಗೆ ಏರುವುದಿಲ್ಲ, ಬಿಸಿ ಮಾಡಿಕೊಂಡೇ ಎಳೆಯಬೇಕು.

ಮಳೆಗಾಲ ಹಿಡಿದರೆ ಈ ಯಾವ ಕ್ರಮಕ್ಕೂ ಬಿಡುವಿಲ್ಲ. 2006ರ ಮೇ ಕೊನೆಗೆ ಕಾರವಾರದ ಆಯ್‌ಸ್ಟರ್ ರಾಕ್ ದ್ವೀಪದ ಬಂಡೆಗೆ ಹತ್ತಿದ ಓಷನ್ ಸೆರಾಯಾ ಹಡಗು ಅಲೆಗಳ ಹೊಡೆತಕ್ಕೆ ಎರಡು ತುಂಡಾಯಿತು. ಅದರ ಎಣ್ಣೆ ಕರಾವಳಿಗೆ ಹರಡಿತು. 2000ದ ಜೂನ್‌ನಲ್ಲಿ ಗೋವಾದ ಕಾಂದೋಳಿ ದಂಡೆಗೆ ಹತ್ತಿದ ರಿವರ್ ಪ್ರಿನ್ಸೆಸ್ ಮರಳಲ್ಲಿ ಹೂತುಹೋಗಿ, ಕೊನೆಗೆ ತುಂಡು ತುಂಡಾಗಿ ಅಲ್ಲಿಂದ ಪೂರ್ತಿ ಕದಲುವ ಹೊತ್ತಿಗೆ 2012 ಬಂದಿತ್ತು.

ಈ ಖರ್ಚು ಯಾರದು? ಪ್ರಾಚೀನ ರೋಡ್ಸ್ ದ್ವೀಪದ ಕಟ್ಟಳೆ ರೋಮನ್ ಕಾನೂನಿನಲ್ಲಿ ಉಳಿದು ಬಂದಿದೆ: ಹಡಗು ಉಳಿಸಲೆಂದು ಒಬ್ಬನ ಸರಕನ್ನು ಸಮುದ್ರಕ್ಕೆ ಎಸೆದರೆ ಆ ನಷ್ಟವನ್ನು ಎಲ್ಲರೂ ಹಂಚಿಕೊಳ್ಳಬೇಕು. ಉಳಿದದ್ದು ಎಲ್ಲರದೂ ತಾನೆ. ನಮ್ಮ ಸೀಮೆಗೂ ಇದು ದೂರದ ಮಾತಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ, ಕಾರವಾರಗಳಿಂದ ಹಡಗು ಹತ್ತುತ್ತಿತ್ತು. ಹತ್ತಿಗಾಗಿ ಕಾರವಾರ ಬಂದರು ಬೆಳೆಯಲೆಂದು 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಎರಡೇ ವರ್ಷಕ್ಕೆ, 1864ರಲ್ಲಿ, ಇಂಗ್ಲೆಂಡಿನ ಯಾರ್ಕ್‌ನಲ್ಲಿ ಸೇರಿದ ವರ್ತಕರು, ವಿಮಾದಾರರು ದೇಶಕ್ಕೊಂದರಂತಿದ್ದ ಹಂಚಿಕೆಯ ಪದ್ಧತಿಗಳನ್ನು ಒಂದೆಡೆ ತರಲು ಹೊರಟರು. ಅದೇ ಯಾರ್ಕ್-ಆಂಟ್ವರ್ಪ್ ನಿಯಮಗಳಾಗಿ ಬೆಳೆದು, ಹಲವು ಸಲ ಪರಿಷ್ಕರಣೆಯಾಗಿ, ಈಗ 2016ರ ಆವೃತ್ತಿ ಬಂದಿದೆ.

ಈ ನಿಯಮಗಳ ಹಂಚಿಕೆ ಸೂಕ್ಷ್ಮವಾಗಿದೆ. ಆಕಸ್ಮಿಕವಾಗಿ ಹತ್ತಿದಾಗ ತಳಕ್ಕಾದ ಪೆಟ್ಟು ಹಡಗಿನವರದೇ. ಆದರೆ ಅಪಾಯದಿಂದ ಬಿಡಿಸಲು ಎಂಜಿನ್ ಓಡಿಸಿ ಅದು ಕೆಟ್ಟರೆ, ಸರಕನ್ನು ಬಾರ್ಜಿಗೆ ಇಳಿಸಿ ಮತ್ತೆ ಏರಿಸಿದರೆ, ಆ ಖರ್ಚು ಎಲ್ಲರ ಮೇಲೆ. ಸಾಲ್ವೇಜ್ ತಂಡದ ಸಂಭಾವನೆಯಲ್ಲೂ ಸರಕಿಗೆ ಪಾಲಿದೆ. ಲಂಡನ್ನಿನ ವಿಮಾ ಮಾರುಕಟ್ಟೆ ಲಾಯ್ಡ್ಸ್ ರೂಪಿಸಿದ, 1908ರಿಂದ ಬಳಕೆಯಲ್ಲಿರುವ ಸಾಲ್ವೇಜ್ ಒಪ್ಪಂದದ ತಿರುಳು ‘ಉಳಿಸಿದರೆ ಮಾತ್ರ ಹಣ’ ಎಂಬುದು. ಉಳಿದದ್ದರ ಬೆಲೆ ಮೇಲೆ ಸಂಭಾವನೆ ನಿಲ್ಲುವುದರಿಂದ ಆ ತಂಡ ಸರಕಿನಿಂದಲೂ ಪ್ರತ್ಯೇಕ ಭದ್ರತೆ ಕೇಳುತ್ತದೆ. ಉದಾಹರಣೆಗೆ ಉಳಿದ ಹಡಗು 30 ಕೋಟಿ, ಒಟ್ಟು ಸರಕು 20 ಕೋಟಿ, ಹಂಚಬೇಕಾದ ಖರ್ಚು 5 ಕೋಟಿ ಎಂದಾದರೆ ಎಲ್ಲರಿಗೂ ಶೇ. 10. ಅಂದರೆ 40 ಲಕ್ಷದ ಮೆಣಸಿನಕಾಯಿಗೆ 4 ಲಕ್ಷ.

ಸಾಗಣೆ ವಿಮೆಯ ಎ, ಬಿ, ಸಿ ಮೂರೂ ಷರತ್ತುಗಳಲ್ಲಿ ಇದಕ್ಕೆ ರಕ್ಷಣೆ ಇದೆ. ಅತಿ ಅಗ್ಗದ ಸಿ ಕೂಡ ಸಾಕು. ನಿಜವಾಗಿ ಪೆಟ್ಟು ತಿನ್ನುವವರು ಎರಡು ಬಗೆಯವರು: ವಿಮೆಯೇ ಇಲ್ಲದವರು, ಮತ್ತು ಪ್ರೀಮಿಯಂ ಉಳಿಸಲು 40 ಲಕ್ಷದ ಸರಕಿಗೆ 25 ಲಕ್ಷದ ವಿಮೆ ಮಾಡಿದವರು. ಎರಡನೆಯವರಿಗೆ ಆ 4 ಲಕ್ಷದಲ್ಲಿ ಸಿಗುವುದು ಎರಡೂವರೆ ಲಕ್ಷ, ಉಳಿದದ್ದು ಕೈಯಿಂದ. ಈ ಪತ್ರ ಸರಕು ಮಾರಿದವರಿಗೆ ಬರುತ್ತದೋ ಕೊಂಡವರಿಗೋ ಎಂಬುದು ಆ ಹೊತ್ತಿಗೆ ಸರಕು ಯಾರದ್ದು, ಯಾರ ಹೊಣೆಯಲ್ಲಿದೆ ಎಂಬುದನ್ನು ನೋಡಿಕೊಂಡು ನಿರ್ಧಾರವಾಗುತ್ತದೆ.

ಕ್ಯಾಪ್ಟನ್ನನ ತಪ್ಪಿಗೆ ನಾವೇಕೆ ತೆರಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಸಮುದ್ರ ಸಾಗಣೆಯ ಹೊಣೆ ಕುರಿತ ಅಂತರರಾಷ್ಟ್ರೀಯ ಕಟ್ಟಳೆಯಾದ 1924ರ ಹೇಗ್ ನಿಯಮಗಳು ಹಡಗು ನಡೆಸುವಾಗಿನ ತಪ್ಪಿಗೆ ಸಾಗಣೆದಾರರನ್ನು ಹೊಣೆಯಿಂದ ಬಿಡುತ್ತವೆ. ಆದರೆ ಹೊರಡುವಾಗಲೇ ಹಡಗು ಪ್ರಯಾಣಕ್ಕೆ ಯೋಗ್ಯವಾಗಿತ್ತೇ ಎಂಬುದು ಬೇರೆ ವಿಷಯ. 2011ರ ಮೇ ತಿಂಗಳಲ್ಲಿ ಚೀನಾದ ಶಿಯಾಮೆನ್ ಬಂದರು ಬಿಡುವಾಗ ಸಿಎಂಎ ಸಿಜಿಎಂ ಲಿಬ್ರಾ ಎಂಬ ಹಡಗು ನೆಲಕ್ಕೆ ಹತ್ತಿತು. ನಕ್ಷೆಯಲ್ಲಿ ಬರೆದ ಆಳ ನಂಬುವಂಥದ್ದಲ್ಲ ಎಂಬ ಎಚ್ಚರಿಕೆಯನ್ನು ಅದರ ಪ್ರಯಾಣ ಯೋಜನೆಯಲ್ಲಿ ಗುರುತಿಸಿರಲಿಲ್ಲ. ಸರಕಿನವರಲ್ಲಿ ಶೇ. 8ರಷ್ಟು ಪಾಲಿನವರು ಹಣ ಕೊಡಲು ಒಪ್ಪಲಿಲ್ಲ. ಆ ಲೋಪದಿಂದಲೇ ಹಡಗು ಅಯೋಗ್ಯ, ಅವರು ಕೊಡಬೇಕಿಲ್ಲ ಎಂದು 2021ರ ನವೆಂಬರ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು.

ಹಾಗೆಂದು ಬಾಂಡಿಗೆ ಸಹಿ ಹಾಕದೆ ಕೂತರೆ ಸರಕು ಗೋದಾಮಿನಲ್ಲೇ ಕೊಳೆಯುತ್ತದೆ. ಮೆಣಸಿನಕಾಯಿಗಂತೂ ತೇವ ಕಾಯುವುದಿಲ್ಲ. ಪತ್ರ ಬಂದ ದಿನವೇ ವಿಮಾ ಕಂಪನಿಗೆ ತಿಳಿಸಿ, ಇನ್‌ವಾಯ್ಸ್, ಬಿಲ್ ಆಫ್ ಲೇಡಿಂಗ್ (ಸರಕು ಪಡೆದದ್ದಕ್ಕೆ ಹಡಗಿನವರು ಕೊಡುವ ಪತ್ರ) ಕೊಟ್ಟು ಗ್ಯಾರಂಟಿ ಪಡೆದು, ಬಾಂಡನ್ನು ಅವರಿಗೆ ತೋರಿಸಿಯೇ ಸಹಿ ಹಾಕಬೇಕು. ‘ನ್ಯಾಯವಾಗಿ ಸಲ್ಲಬೇಕಾದ ಪಾಲು’ ಎಂಬರ್ಥದ ಮಾತು ಅದರಲ್ಲಿದ್ದರೆ ಆಕ್ಷೇಪದ ಬಾಗಿಲು ತೆರೆದೇ ಇರುತ್ತದೆ. ಬಿಲ್ ಆಫ್ ಲೇಡಿಂಗಿನಲ್ಲಿ ಯಾವ ವರ್ಷದ ಯಾರ್ಕ್-ಆಂಟ್ವರ್ಪ್ ನಿಯಮ ಎಂದು ಬರೆದಿದೆಯೋ ನೋಡಿಕೊಳ್ಳಿ. 2016ರದ್ದಾದರೆ, ಅಂತಿಮ ಲೆಕ್ಕ ಹೊರಬಿದ್ದ ಮೇಲೆ ಒಂದು ವರ್ಷದೊಳಗೆ ದಾವೆ ಹೂಡದಿದ್ದರೆ ಪಾಲು ಕೇಳುವ ಹಕ್ಕು ಬೀಳುತ್ತದೆ. ಏನೇ ಆದರೂ ಪ್ರಯಾಣ ಮುಗಿದು ಆರು ವರ್ಷಕ್ಕೆ ಅದು ಮುಗಿಯುತ್ತದೆ. ಆ ಆರು ವರ್ಷ ಕಾಗದಪತ್ರದ ಫೈಲನ್ನು ರದ್ದಿಗೆ ಹಾಕಬೇಡಿ.